ದವಡೆಯ ಫೈಲು

ಫೆಬ್ರವರಿ 11

ಅಪ್ಪನಿಗೆ,

ಫೋನು ಬಿಟ್ಟು ಕಾಗದ ಯಾಕೆ ಎಂದು ಕೇಳಬೇಡಿ. ಹೋದ ಭಾನುವಾರ ನಾನು ಫೋನಿನಲ್ಲಿ ಹೇಳಿದ್ದು ನಿಮಗೆ ಅರ್ಧ ಕೇಳಿಸಲಿಲ್ಲ, ಕೇಳಿಸಿದ ಅರ್ಧ ತಿಳಿಯಲಿಲ್ಲ. ನಿಮ್ಮ ಕಿವಿ, ನನ್ನ ಬಾಯಿ, ಎರಡೂ ಸೇರಿದರೆ ದೇವರೇ ಗತಿ. ಕೊನೆಗೆ ಅತ್ತೆ ನಿಮ್ಮ ಕೈಯಿಂದ ಫೋನು ಕಿತ್ತುಕೊಂಡು "ಏನಿದ್ರೂ ಬರೆದು ಕಳಿಸೇ, ಈ ಕೂಗಾಟ ಕೇಳಕ್ಕಾಗಲ್ಲ" ಎಂದರು. ಬರೆಯುತ್ತಿದ್ದೇನೆ.

ಅಕ್ಟೋಬರಿನಲ್ಲಿ ಆಪರೇಷನ್ ಆದಾಗಿನಿಂದ "ಚೆನ್ನಾಗಿದ್ದೇನೆ" ಎಂದೇ ಹೇಳುತ್ತಾ ಬಂದೆ. ಚೆನ್ನಾಗಿಲ್ಲ ಅಪ್ಪ. ಮುಂದಕ್ಕೆ ಚಾಚಿದ್ದ ಕೆಳದವಡೆಯನ್ನು ಕೊಯ್ದು, ಹಿಂದಕ್ಕೆ ಸರಿಸಿ, ಸ್ಕ್ರೂ ಹಾಕಿದರು. ಅದು ನಿಮಗೆ ಗೊತ್ತು. ಗೊತ್ತಿಲ್ಲದ್ದು ಏನೆಂದರೆ, ಬಾಯಿ ಮುಚ್ಚಿದರೆ ಈಗ ಹಿಂದಿನ ದವಡೆಹಲ್ಲುಗಳು ಮಾತ್ರ ತಾಗುತ್ತವೆ. ಮುಂದೆ ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ ಒಂದು ಪೆನ್ಸಿಲ್ ತೂರುತ್ತದೆ. ಬ್ರೆಡ್ಡನ್ನು ಕಚ್ಚಲಾಗದೆ ಕೈಯಲ್ಲೇ ಹರಿದು ಬಾಯಿಗೆ ಹಾಕಿಕೊಳ್ಳುತ್ತೇನೆ. ಕೆಳತುಟಿಗೆ ಸ್ಪರ್ಶವೇ ಇಲ್ಲ. ಟೀ ಸುರಿದರೂ ಅಂಗಿ ಒದ್ದೆಯಾದ ಮೇಲೆ ಗೊತ್ತಾಗುತ್ತದೆ. ಆಟದ ಟೀಚರ್ ಆಗಿ ಮೈದಾನದ ನಡುವೆ ನಿಂತು ವಿಶಲ್ ಊದಹೋದರೆ ವಿಶಲ್ಲೇ ಕೆಳಗೆ ಬೀಳುತ್ತದೆ. ಮೊದಲ ದಿನ ಮಕ್ಕಳು ನಕ್ಕವು, ಎರಡನೇ ದಿನ ಎತ್ತಿಕೊಟ್ಟವು, ಮೂರನೇ ದಿನ ಪಾಪ ಅಂದವು. ಪಾಪ ಅನ್ನಿಸಿಕೊಂಡು ಮೈದಾನದಲ್ಲಿ ನಿಲ್ಲಲಾಗುವುದಿಲ್ಲ. ಹೆಡ್ ಮಿಸ್ ಸದ್ಯಕ್ಕೆ ನನ್ನನ್ನು ಲೈಬ್ರರಿಯಲ್ಲಿ ಕೂರಿಸಿದ್ದಾರೆ. ಸದ್ಯಕ್ಕೆ ಎಂದರೆ ಎಷ್ಟು ದಿನ ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆಪರೇಷನ್ ಮಾಡಿದ ದೊಡ್ಡ ಡಾಕ್ಟರ ಹತ್ತಿರ ಹೋದೆ. ಬಾಯಿಯೊಳಗೆ ಒಮ್ಮೆ ಇಣುಕಿ "ಸರ್ಜರಿ ಪರ್ಫೆಕ್ಟ್ ಆಗಿದೆ. ನೀವು ರಬ್ಬರ್ ಬ್ಯಾಂಡ್ ಸರಿಯಾಗಿ ಹಾಕ್ಕೊಂಡಿಲ್ಲ" ಎಂದರು. ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ಸೇರಿಸಿ ಸಿಕ್ಕಿಸುವ ಆ ರಬ್ಬರನ್ನು ಹಾಕಿಕೊಂಡಿದ್ದೆ, ಅಪ್ಪ. ಮಲಗುವಾಗಲೂ ಹಾಕಿಕೊಂಡಿದ್ದೆ. ಆದರೆ ಅವರು ಅಷ್ಟು ಖಚಿತವಾಗಿ ಹೇಳಿದ ಮೇಲೆ ನನಗೇ ಅನುಮಾನ ಶುರುವಾಗಿದೆ.

ಈಗ ಇನ್ನೊಬ್ಬ ಡಾಕ್ಟರನ್ನು ಕಂಡಿದ್ದೇನೆ, ಚಪ್ಪಲಿ ಅಂಗಡಿಯ ಮೇಲಿನ ಚಿಕ್ಕ ಕ್ಲಿನಿಕ್ಕಿನ ಡಾಕ್ಟರಮ್ಮ. "ಸರಿ ಮಾಡಬಹುದು ಅನ್ಸುತ್ತೆ. ಆದ್ರೆ ಅವರು ಒಳಗೆ ಏನು ಮಾಡಿದಾರೆ ಅಂತ ನೋಡದೆ ನಾನು ಕೈ ಹಾಕಲ್ಲ. ಆಪರೇಷನ್ ದಾಖಲೆ, ಮೊದಲಿನ ಸ್ಕ್ಯಾನು ಎಲ್ಲಾ ತನ್ನಿ" ಎಂದರು. ತರಲು ಹೋದರೆ ಆಸ್ಪತ್ರೆಯ ರೆಕಾರ್ಡ್ ರೂಮಿನ ಕಿಟಕಿಯಲ್ಲಿ ಒಂದೇ ಮಾತು: "ಫೈಲ್ ಆಸ್ಪತ್ರೆ ಆಸ್ತಿ ಮೇಡಂ, ಕೊಡಕ್ಕಾಗಲ್ಲ."

ನೀವು ಇಡೀ ಜೀವಮಾನ ಒಂದು ಆಸ್ಪತ್ರೆಯ ರೆಕಾರ್ಡ್ ರೂಮಿನಲ್ಲಿ ಕೂತವರು. ಕಿಟಕಿಯ ಆ ಕಡೆಯಿಂದ ಎಷ್ಟು ಜನರಿಗೆ "ಆಗಲ್ಲ" ಎಂದಿರೋ. ಈ ಕಡೆ ನಿಂತ ಮಗಳಿಗೆ ಹೇಳಿಕೊಡಿ, ಏನು ಮಾಡಿದರೆ "ಆಗುತ್ತೆ" ಎನ್ನುತ್ತಾರೆ?

ನೀವು ಈ ಆಪರೇಷನ್ ಬೇಡವೆಂದಿದ್ದಿರಿ. "ನಾನು ಹೇಳಲಿಲ್ವಾ" ಎಂಬುದೊಂದನ್ನು ಬಿಟ್ಟು ಬೇರೆ ಏನು ಬೇಕಾದರೂ ಬರೆಯಿರಿ.

ನಿಮ್ಮ ಮಗಳು


ಫೆಬ್ರವರಿ 19

ಮಗಳೇ,

"ನಾನು ಹೇಳಲಿಲ್ವಾ" ಎಂದೇ ಶುರುಮಾಡಬೇಕೆಂದಿದ್ದೆ. ನೀನು ಮೊದಲೇ ಬಾಗಿಲು ಹಾಕಿಬಿಟ್ಟೆ. ಇರಲಿ.

ನೀನು ಮಾಡಿದ ಮೊದಲ ತಪ್ಪು, "ಫೈಲು ಕೊಡಿ" ಎಂದದ್ದು. ಫೈಲು ಯಾರಿಗೂ ಕೊಡುವುದಿಲ್ಲ. ಫೈಲು ಹೊರಗೆ ಹೋದರೆ ತಿರುಗಿ ಬರುವುದಿಲ್ಲ ಎಂಬ ಭಯದಲ್ಲೇ ನನ್ನ ಅರ್ಧ ಕೂದಲು ಉದುರಿತು. ನಕಲು ಕೇಳು. ಕಾಗದ ಅವರದು, ಒಳಗಿರುವ ಸಂಗತಿ ನಿನ್ನದು. ಅದನ್ನೂ ಸುಮ್ಮನೆ "ದಾಖಲೆ" ಎಂದು ಕೇಳಿದರೆ ಒಂದು ಹಾಳೆ ಕೊಟ್ಟು ಸಾಗಹಾಕುತ್ತಾರೆ. ಒಂದೊಂದನ್ನೂ ಹೆಸರು ಹಿಡಿದು ಬರೆ: ಆಪರೇಷನ್ ಟಿಪ್ಪಣಿ, ಅರಿವಳಿಕೆಯವರ ಹಾಳೆ, ಎಕ್ಸ್-ರೇ, ಸ್ಕ್ಯಾನು, ಅದರ ವರದಿ. ನಿನ್ನ ದವಡೆಗೆ ಹಾಕಿದ ಪ್ಲೇಟು, ಸ್ಕ್ರೂಗಳ ಸ್ಟಿಕ್ಕರನ್ನೂ ಫೈಲಿನಲ್ಲಿ ಅಂಟಿಸಿರುತ್ತಾರೆ, ಅದರ ನಕಲೂ ಬೇಕೆನ್ನು. ಅರ್ಜಿಗೆ ಸೀಲು ಹಾಕಿಸಿ ಒಂದು ಪ್ರತಿ ನಿನ್ನ ಹತ್ತಿರ ಇಟ್ಟುಕೋ.

ಮಧ್ಯಾಹ್ನ ಊಟದ ನಂತರ ಹೋಗು. ಗುಮಾಸ್ತರು ಆಗ ಸ್ವಲ್ಪ ಮನುಷ್ಯರಾಗಿರುತ್ತಾರೆ. ಕೂಗಾಡಬೇಡ. ರೆಕಾರ್ಡ್ ರೂಮಿನವರು ಕೆಟ್ಟವರಲ್ಲ. ಅವರು "ಆಗಲ್ಲ" ಎಂದರೆ ಹೆಚ್ಚಿನ ಸಲ "ಹುಡುಕಬೇಕು, ಬೇಜಾರು" ಎಂದರ್ಥ. ಹಲ್ಲು ಕಚ್ಚಿಕೊಂಡು ನಾಲ್ಕು ಸಲ ಹೋಗು, ಐದನೇ ಸಲಕ್ಕೆ ಹುಡುಕುತ್ತಾರೆ.

ಬಿಸಿಯಾದದ್ದನ್ನು ಕುಡಿಯುವಾಗ ಹುಷಾರು. ತುಟಿಗೆ ಗೊತ್ತಾಗದಿದ್ದರೆ ಸುಟ್ಟುಕೊಳ್ಳುತ್ತೀ.

ಅಪ್ಪ

ಕೆಳಗೆ ಬರೆಯುತ್ತಿರುವುದು ನಾನು, ಅತ್ತೆ. ಇವನು ಈ ಕಾಗದವನ್ನು ಎಷ್ಟು ಸಲ ಹರಿದು ಬರೆದನೆಂದರೆ ಮನೆಯಲ್ಲಿ ಕಾಗದ ಖಾಲಿ. ಬರೆಯಬೇಕಾದದ್ದನ್ನು ಮಾತ್ರ ಬರೆದಿಲ್ಲ.


ಮಾರ್ಚ್ 8

ಅಪ್ಪನಿಗೆ,

ಮೊದಲು ಒಂದು ವಿಷಯ. ಹಲ್ಲು ಕಚ್ಚಿಕೊಂಡು ಹೋಗು ಎಂದು ಬರೆದಿದ್ದೀರಿ. ನನ್ನ ಹಲ್ಲು ಕಚ್ಚುವುದೇ ಇಲ್ಲ, ತೊಂದರೆಯೇ ಅದು. ಓದಿ ಲೈಬ್ರರಿಯಲ್ಲಿ ಒಬ್ಬಳೇ ನಕ್ಕೆ. ತುಂಬಾ ದಿನದ ಮೇಲೆ ನಕ್ಕದ್ದು.

ನೀವು ಹೇಳಿದಂತೆ ಊಟದ ನಂತರ ಹೋದೆ. ನಿಮ್ಮ ಕಾಲದ ಗುಮಾಸ್ತರು ಊಟದ ನಂತರ ಮನುಷ್ಯರಾಗುತ್ತಿದ್ದರೇನೋ. ಇಲ್ಲಿಯವರು ಊಟದ ನಂತರ ಕಾಣಿಸುವುದೇ ಇಲ್ಲ. ಹೋದ ಪುಟ್ಟ ಬಂದ ಪುಟ್ಟ. ಬೆಳಿಗ್ಗೆ ಹೋಗಲು ಶುರುಮಾಡಿದೆ. ಕಿಟಕಿಯಲ್ಲಿ ಕೂರುವವಳು ನನಗಿಂತ ಚಿಕ್ಕವಳು, ಯಾವಾಗಲೂ ನೆಗಡಿ. ನನ್ನ ಅರ್ಜಿ ಓದಿ "ಇಷ್ಟೊಂದು ಯಾರು ಬರ್ಕೊಟ್ರು ಮೇಡಂ?" ಎಂದಳು. ನಮ್ಮಪ್ಪ, ನಿಮ್ಮ ಕೆಲಸದವರೇ ಎಂದೆ. ಅವಳ ಮುಖ ಸ್ವಲ್ಪ ಸಡಿಲವಾಯಿತು. ಸೀಲು ಒತ್ತಿಕೊಟ್ಟಳು. "ದೊಡ್ಡ ಡಾಕ್ಟ್ರು ಸೈನ್ ಮಾಡಿದ್ರೆ ಮುಂದಿನ ವಾರ ಕೊಡ್ತೀನಿ" ಎಂದಿದ್ದಾಳೆ.

ನನಗೆ ಭಯವಾಗುತ್ತಿರುವುದು ಬೇರೆ. ಫೈಲು ಸಿಕ್ಕಿ, ಅದರಲ್ಲಿ ಎಲ್ಲಾ ಸರಿಯಾಗಿದ್ದು, ಕೆಡಿಸಿಕೊಂಡವಳು ನಾನೇ ಎಂದಾದರೆ? ಯಾವುದೋ ಒಂದು ದಿನ ರಬ್ಬರ್ ಹಾಕಿಕೊಳ್ಳದೆ ನಿದ್ದೆ ಹೋಗಿದ್ದೆನಾ ಎಂದು ಕೂತಲ್ಲಿ ನಿಂತಲ್ಲಿ ಯೋಚಿಸುತ್ತೇನೆ. ದವಡೆ ಹಾಳಾದದ್ದಕ್ಕಿಂತ ಈ ಯೋಚನೆಯೇ ಹೆಚ್ಚು ನೋವು ಕೊಡುತ್ತಿದೆ.

ನಿಮ್ಮ ಮಗಳು


ಮಾರ್ಚ್ 14

ಮಗಳೇ,

ಅವಳು ಮುಂದಿನ ವಾರ, ಅದರ ಮುಂದಿನ ವಾರ ಎಂದು ಕಂಬ ಸುತ್ತಿಸುತ್ತಾಳೆ. ನೀನೊಬ್ಬಳೇ ಓಡಾಡುವುದು ಸಾಕು. ಇಂದು ನಾನೇ ಅವರ ಸೂಪರಿಂಟೆಂಡೆಂಟರಿಗೆ ಒಂದು ಪತ್ರ ರಿಜಿಸ್ಟರ್ಡ್ ಅಂಚೆಯಲ್ಲಿ ಹಾಕಿದ್ದೇನೆ. ಅವರಿಗೆ ಅರ್ಥವಾಗುವ ಭಾಷೆಯಲ್ಲೇ ಬರೆದಿದ್ದೇನೆ. "ತಪ್ಪಿದಲ್ಲಿ ಮುಂದಿನ ಕ್ರಮಕ್ಕೆ ತಾವೇ ಹೊಣೆ" ಎಂಬ ವಾಕ್ಯ ಎರಡು ಕಡೆ ಬಂದಿದೆ. ಇನ್ನು ನೋಡು, ಓಡೋಡಿ ಕೊಡುತ್ತಾರೆ.

ಅಪ್ಪ


ಏಪ್ರಿಲ್ 2

ಅಪ್ಪನಿಗೆ,

ಯಾಕೆ ಬರೆದಿರಿ? ನಾನು ಕೇಳಿದ್ದೆನಾ?

ನೆಗಡಿಯ ಹುಡುಗಿ ಸೈನ್ ಮಾಡಿಸಿ ಇಟ್ಟಿದ್ದಳಂತೆ. ನಾನು ಹೋಗುವ ಹಿಂದಿನ ದಿನವೇ ನಿಮ್ಮ ರಿಜಿಸ್ಟರ್ಡ್ ಪತ್ರ ಬಂತು. ಮುಂದಿನ ಕ್ರಮ ಎಂದರೆ ಕೋರ್ಟು ಎಂದುಕೊಂಡು ಇಡೀ ಫೈಲನ್ನು ಅವರ ವಕೀಲರ ಆಫೀಸಿಗೆ ಕಳಿಸಿಬಿಟ್ಟಿದ್ದಾರೆ. "ನಿಮ್ಮ ತಂದೆ ಬರೀದೇ ಇದ್ದಿದ್ರೆ ಇವತ್ತು ಕೊಟ್ಬಿಡ್ತಿದ್ದೆ ಮೇಡಂ" ಎಂದಳು. ಅವಳ ಕಣ್ಣಲ್ಲಿ ನೀರಿತ್ತು, ನೆಗಡಿಗೋ ನನಗೋ ಗೊತ್ತಿಲ್ಲ. ಕೋಲು ಕೊಟ್ಟು ಹೊಡೆಸಿಕೊಂಡ ಹಾಗಾಯಿತು ನನ್ನ ಕಥೆ. ನಿಮ್ಮ ಹತ್ತಿರ ಸಲಹೆ ಕೇಳಿದ್ದೇ ನಾನು.

ಒಂದು ಮಾತು ಹೇಳಿಬಿಡುತ್ತೇನೆ, ಇಟ್ಟುಕೊಂಡು ಸಾಕಾಗಿದೆ. ಫೈಲಿಗಾಗಿ ಇಷ್ಟು ದೂರ ಕೈ ಚಾಚಿದವರು ನನ್ನನ್ನು ನೋಡಲು ಬರಲಿಲ್ಲ. ಆಪರೇಷನ್ ದಿನ ಬರಲಿಲ್ಲ, ಆಮೇಲೂ ಬರಲಿಲ್ಲ. ಆಸ್ಪತ್ರೆಯ ಹಾಸಿಗೆಯಿಂದ ಫೋಟೋ ಕಳಿಸಿದೆ, ಅದಕ್ಕೆ ಒಂದು ಮಾತು ಬರಲಿಲ್ಲ. ಪಕ್ಕದ ಹಾಸಿಗೆಯ ಮುದುಕಿಯ ಮಗ ಅವಳ ಜೊತೆ ನನಗೂ ಸ್ಟ್ರಾ ಹಾಕಿ ಸೂಪ್ ಹಿಡಿಯುತ್ತಿದ್ದ. ಅವನು ಯಾರೋ, ನಾನು ಯಾರೋ.

ಇನ್ನು ನನ್ನ ದವಡೆಯ ವಿಷಯಕ್ಕೆ ಬರಬೇಡಿ. ನಾನು ನೋಡಿಕೊಳ್ಳುತ್ತೇನೆ.

ಮಗಳು


ಏಪ್ರಿಲ್ 15

ಲೇ ಹುಡುಗಿ,

ನಿನ್ನ ಅಪ್ಪನಿಗೆ ಹೇಳದೆ ಬರೆಯುತ್ತಿದ್ದೇನೆ. ಅವನು ನಿನ್ನ ಕಾಗದ ಓದಿ ಮಡಿಚಿಟ್ಟವನು ಆಮೇಲೆ ಬಾಯಿ ಬಿಟ್ಟಿಲ್ಲ. ಮನೆಯಲ್ಲಿ ಈಗ ಗಡಿಯಾರ ಮತ್ತು ನಾನು, ಇಬ್ಬರೇ ಮಾತಾಡುವುದು.

ಅವನು ಮೂಗು ತೂರಿಸಿದ್ದು ತಪ್ಪು. ಅದಕ್ಕೆ ನಾನೇ ಬೈದಾಗಿದೆ, ನೀನು ಮತ್ತೆ ಬೈಯಬೇಕಾಗಿಲ್ಲ. ಆದರೆ ನೋಡಲು ಬರಲಿಲ್ಲ ಎಂದೆಯಲ್ಲ, ಅದರ ಬಗ್ಗೆ ಹೇಳುತ್ತೇನೆ ಕೇಳು.

ಆ ಚಾಚಿದ ದವಡೆ ನಮ್ಮ ಅಮ್ಮನದು. ಅಮ್ಮನಿಂದ ಅವನಿಗೆ ಬಂತು, ನನಗೆ ಬಂತು, ಅವನಿಂದ ನಿನಗೆ ಬಂತು. ನಾನು ಕನ್ನಡಿಯ ಮುಂದೆ ಅದನ್ನು ಶಪಿಸಿಕೊಂಡೇ ಬೆಳೆದೆ. ಅವನು ಹಾಗಲ್ಲ. ನೀನು ಮಗುವಾಗಿದ್ದಾಗ ಮನೆಗೆ ಬಂದವರಿಗೆಲ್ಲ ನಿನ್ನ ಗಲ್ಲ ಹಿಡಿದು ತೋರಿಸುತ್ತಿದ್ದ, ಬಹುಮಾನ ಗೆದ್ದವರ ಹಾಗೆ. ನೀನು ಆಪರೇಷನ್ ಎಂದಾಗ ಅವನ ಕಿವುಡು ಕಿವಿಗೆ ಕೇಳಿಸಿದ್ದು "ನಿಮ್ಮ ಮುಖ ನನಗೆ ಬೇಡ" ಎಂದು. ಅವನು ಹಾಗೆ ಹೇಳಲಿಲ್ಲ. ಒಡಹುಟ್ಟಿದವಳಿಗೆ ಹೇಳಬೇಕಾಗಿಲ್ಲ.

ಬರಲು ಟಿಕೆಟ್ ತೆಗೆದಿದ್ದ. ಚೀಲವೂ ತುಂಬಿತ್ತು. ಅಷ್ಟರಲ್ಲಿ ನಿನ್ನ ಫೋಟೋ ಬಂತು, ಊದಿಕೊಂಡ ಮುಖ, ಗಲ್ಲವೇ ಇಲ್ಲ. ನೋಡಿದ. "ನಾನು ಹೋಗಿ ಯಾರನ್ನ ನೋಡ್ಲಿ?" ಎಂದು ಚೀಲದ ಪಕ್ಕದಲ್ಲೇ ಕೂತುಬಿಟ್ಟ. ಅಂಜುಬುರುಕ. ಪ್ರೀತಿ ಇಲ್ಲದವನಲ್ಲ.

ನನ್ನನ್ನು ಕೇಳಿದರೆ ನೀನು ಮಾಡಿಸಿಕೊಂಡದ್ದು ಸರಿಯೇ. ಹಲ್ಲಿದ್ದವರಿಗೆ ಕಡಲೆ ಇಲ್ಲ ಎನ್ನುತ್ತಾರಲ್ಲ, ನನಗೆ ಹಲ್ಲಿದ್ದಾಗ ಈ ಆಪರೇಷನ್ ಇರಲಿಲ್ಲ, ಆಪರೇಷನ್ ಬರುವ ಹೊತ್ತಿಗೆ ಹಲ್ಲೇ ಉಳಿದಿಲ್ಲ. ನೀನಾದರೂ ಬಿಡಬೇಡ. ಕೇಳು, ಮತ್ತೆ ಕೇಳು.

ಅತ್ತೆ


ಜೂನ್ 3

ಅಪ್ಪನಿಗೆ,

ದಾಖಲೆ ಸಿಕ್ಕಿತು. ತಪ್ಪು ನನ್ನದಲ್ಲ. ದವಡೆ ಸರಿಯಾಗುತ್ತದೆ.

ಈ ಮೂರನ್ನೂ ಮೊದಲೇ ಬರೆದುಬಿಟ್ಟೆ, ಮಿಕ್ಕದ್ದನ್ನು ನಿಧಾನವಾಗಿ ಓದಿ.

ವಕೀಲರ ಆಫೀಸಿಗೆ ಹೋದದ್ದು ವಾಪಸು ಬರುವುದಿಲ್ಲ ಎಂದು ಕೈಬಿಟ್ಟಿದ್ದೆ. ಹೋದ ತಿಂಗಳು ಕೊನೆಯ ಸಲ ಎಂದುಕೊಂಡು ಹೋಗಿ, ಆಸ್ಪತ್ರೆಯ ಹಜಾರದಲ್ಲಿ ನೀರಿನ ಮೆಷಿನ್ನಿನ ಪಕ್ಕ ಕೂತಿದ್ದೆ. ಒಬ್ಬರು ಮೆಷಿನ್ ಒರೆಸಲು ಅದನ್ನು ಪಕ್ಕಕ್ಕೆ ಸರಿಸಿದರು. ಹಿಂದೆ ಗೋಡೆಯ ಮೇಲೆ ಒಂದು ದೊಡ್ಡ ಬೋರ್ಡು, ಆಸ್ಪತ್ರೆಯವರೇ ಹಾಕಿಸಿದ್ದು: ರೋಗಿಯ ಹಕ್ಕುಗಳು. ತನ್ನ ಚಿಕಿತ್ಸೆಯ ದಾಖಲೆಯ ನಕಲು ಪಡೆಯುವ ಹಕ್ಕು. ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯುವ ಹಕ್ಕು. ದೂರು ಕೇಳುವ ಅಧಿಕಾರಿಯ ಕೋಣೆಯ ನಂಬರೂ ಇತ್ತು. ಇಷ್ಟು ದಿನ ಆ ಬೋರ್ಡಿಗೆ ಬೆನ್ನು ಕೊಟ್ಟು ನೀರು ಕುಡಿದಿದ್ದೆ, ಅಪ್ಪ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಪೂಜಾರಿ ವರದ ಮುಂದೆ ನೀರಿನ ಮೆಷಿನ್ ಇಟ್ಟಿದ್ದ.

ಫೋಟೋ ತೆಗೆದುಕೊಂಡು ಆ ಕೋಣೆಗೆ ಹೋದೆ. ಅಧಿಕಾರಿ ವಯಸ್ಸಾದವರು, ಸೌಮ್ಯ ಮನುಷ್ಯ. ನನ್ನ ಮಾತು ತಿಳಿಯದೆ ಎರಡು ಸಲ ಕೇಳಿದರು. ನಾಚಿಕೆ ಬಿಟ್ಟು ಮೂರನೇ ಸಲ ಹೇಳಿದೆ.

"ಕೇಸ್ ಹಾಕ್ತೀರೇನಮ್ಮಾ?" ಎಂದರು.

"ಹಾಕೋದೂ ನನಗೆ ಬಿಟ್ಟಿದ್ದು, ಬಿಡೋದೂ ನನಗೆ ಬಿಟ್ಟಿದ್ದು ಸಾರ್. ಇವತ್ತು ನಾನು ಬಂದಿರೋದು ಹಲ್ಲು ಸೇರಿಸ್ಕೊಳ್ಳಕ್ಕೆ. ಈ ಬೋರ್ಡು ನಿಮ್ಮದೇ ತಾನೇ?"

ಅವರು ಫೋಟೋ ನೋಡಿದರು, ನನ್ನ ಬಾಯಿ ನೋಡಿದರು, ಫೋನು ತೆಗೆದುಕೊಂಡರು. ಅದೇ ವಾರ ಎಲ್ಲಾ ನಕಲೂ ಬಂತು. ನೆಗಡಿಯ ಹುಡುಗಿ ತಾನೇ ಪುಟ ಜೋಡಿಸಿ, ದಾರ ಕಟ್ಟಿ ಕೊಟ್ಟಳು. ನಿಮ್ಮ ರಿಜಿಸ್ಟರ್ಡ್ ಪತ್ರವನ್ನೂ ಫೈಲಿಗೆ ಸೇರಿಸಿ ಪುಟ ಸಂಖ್ಯೆ ಹಾಕಿದ್ದಾರೆ. ನೀವೀಗ ನನ್ನ ದವಡೆಯ ಕಾಯಂ ದಾಖಲೆ.

ಡಾಕ್ಟರಮ್ಮ ಹಾಳೆ ಹಾಳೆ ಓದಿದರು. ಕಿವಿಯ ಮುಂದೆ ದವಡೆ ಕೂರುವ ಗುಳಿ ಇರುತ್ತದಲ್ಲ, ಸ್ಕ್ರೂ ಬಿಗಿಯುವಾಗ ಎರಡೂ ಕಡೆ ದವಡೆ ಆ ಗುಳಿಯಲ್ಲಿ ಪೂರ್ತಿ ಕೂತಿರಲಿಲ್ಲವಂತೆ. ಆಪರೇಷನ್ ಆದ ಮರುದಿನ ಬೆಳಿಗ್ಗೆಯ ಎಕ್ಸ್-ರೇಯಲ್ಲೇ ಅದು ಕಾಣುತ್ತದೆ, ವರದಿಯಲ್ಲೂ ಬರೆದಿದೆ. ಆಗ ನನಗೆ ಇನ್ನೂ ರಬ್ಬರ್ ಕೊಟ್ಟೇ ಇರಲಿಲ್ಲ. "ಇಂಥದ್ದು ಯಾರ ಕೈಯಲ್ಲಾದ್ರೂ ಆಗಬಹುದು. ಆಗಿದ್ದನ್ನ ನಿಮಗೆ ಹೇಳದೇ ಇದ್ದಿದ್ದು ತಪ್ಪು" ಎಂದರು. ತುಟಿಯ ನರ ತುಂಡಾಗಿಲ್ಲ ಎಂದೂ ಟಿಪ್ಪಣಿಯಲ್ಲಿದೆ, ನಿಧಾನಕ್ಕೆ ಸ್ಪರ್ಶ ಮರಳಬಹುದಂತೆ. ದೊಡ್ಡ ಡಾಕ್ಟರ ಮೇಲೆ ಸಿಟ್ಟು ಬಂತು, ದೂರೊಂದನ್ನು ಬರೆದೂ ಕೊಟ್ಟಿದ್ದೇನೆ. ಆದರೆ ಸಿಟ್ಟಿಗಿಂತ ಮೊದಲು ಬಂದದ್ದು ಅಳು, ಹಗುರಾದ ಅಳು. ಚಪ್ಪಲಿ ಅಂಗಡಿಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಅಂಗಡಿಯವನು ಚಪ್ಪಲಿ ಕಚ್ಚುತ್ತಿದೆಯೆಂದುಕೊಂಡು ಬೇರೆ ಜೊತೆ ತಂದು ತೋರಿಸಿದ.

ಜುಲೈನಲ್ಲಿ ಮತ್ತೆ ಆಪರೇಷನ್, ಬೇರೊಂದು ಆಸ್ಪತ್ರೆಯಲ್ಲಿ ಡಾಕ್ಟರಮ್ಮನೇ ಮಾಡುತ್ತಾರೆ. ಹಳೆಯ ಸ್ಕ್ಯಾನನ್ನೂ ಈಗಿನದನ್ನೂ ಪಕ್ಕಪಕ್ಕ ಇಟ್ಟು ಡಾಕ್ಟರಮ್ಮ "ಹಲ್ಲು ಸೇರಿಸ್ತೀನಿ. ಗಲ್ಲ ಎಲ್ಲಿ ನಿಲ್ಲಬೇಕು ಅಂತ ಸ್ವಲ್ಪ ಮಟ್ಟಿಗೆ ನೀವೇ ಹೇಳಬಹುದು" ಎಂದರು. ಮೊದಲನೆಯವರು ಇದನ್ನು ಕೇಳಿಯೇ ಇರಲಿಲ್ಲ. ಯೋಚಿಸಿ ಹೇಳುತ್ತೇನೆ ಎಂದಿದ್ದೇನೆ.

ಅತ್ತೆ ಬರೆದಿದ್ದರು. ಅವರನ್ನು ಬೈಯಬೇಡಿ. ನಿಮ್ಮ ಮುಖ ಬೇಡ ಎಂದು ನಾನು ಯಾವತ್ತೂ ಅಂದುಕೊಂಡಿಲ್ಲ ಅಪ್ಪ. ನನಗೆ ಒಂದು ಸೇಬನ್ನು ಇಡಿಯಾಗಿ ಕಚ್ಚಬೇಕಿತ್ತು, ಅಷ್ಟೇ. ಗಲ್ಲದ ವಿಷಯದಲ್ಲಿ ನೀವು ಏನನ್ನುತ್ತೀರಿ?

ನಿಮ್ಮ ಮಗಳು


ಜೂನ್ 11

ಮಗಳೇ,

ನಿನ್ನ ಕಾಗದವನ್ನು ನಿನ್ನ ಅತ್ತೆ ಗಟ್ಟಿಯಾಗಿ ಓದಿದಳು, ಆಮೇಲೆ ನಾನು ಓದಿದೆ, ಆಮೇಲೆ ಮತ್ತೆ ಅವಳು. ನಿನ್ನ ತಪ್ಪಲ್ಲ ಎಂಬ ಸಾಲಿಗೆ ಬಂದಾಗಲೆಲ್ಲ ನಿಲ್ಲಿಸಿ ಇನ್ನೊಮ್ಮೆ ಓದಿಸಿದೆ. ಇಷ್ಟು ನೆಮ್ಮದಿಯಾಗಿ ನಾನು ಉಂಡು ಬಹಳ ದಿನವಾಗಿತ್ತು.

ಗಲ್ಲದ ವಿಷಯ ನನ್ನನ್ನು ಕೇಳಬೇಡ. ಅಗಿಯುವವಳು ನೀನು, ಮಾತಾಡುವವಳು ನೀನು, ಅದನ್ನು ಹೊತ್ತು ತಿರುಗುವವಳು ನೀನು. ಹಲ್ಲು ಸೇರಲಿ. ಗಲ್ಲ ನಿನಗೆ ಹಿತವಾದ ಕಡೆ ನಿಲ್ಲಲಿ. ಈ ಮಾತು ಬರೆಯಲು ನನಗೆ ಕಷ್ಟವಾಯಿತು, ಆದರೆ ಮನಸ್ಸಿನಿಂದಲೇ ಬರೆದಿದ್ದೇನೆ.

ಹೋದ ಸಲ ನಾನು ಬರದೆ ಇದ್ದದ್ದು, ನಿನ್ನನ್ನು ನೋಡಿ ಗುರುತು ಸಿಗದೆ ಹೋದರೆ ಎಂಬ ಹೆದರಿಕೆಗೆ. ಹೆದರಿಕೆ ಈಗಲೂ ಇದೆ. ಇದ್ದರೂ ಬರುತ್ತೇನೆ. ಆಪರೇಷನ್ನಿನ ಹಿಂದಿನ ದಿನವೇ ಅಲ್ಲಿರುತ್ತೇನೆ. ಯಾರಿಗೂ ಪತ್ರ ಬರೆಯುವುದಿಲ್ಲ, ಬಾಯಿ ಮುಚ್ಚಿಕೊಂಡು ಕೂರುತ್ತೇನೆ.

ನನ್ನ ಪತ್ರಕ್ಕೆ ಯಾವ ಪುಟ ಸಂಖ್ಯೆ ಹಾಕಿದ್ದಾರೆ?

ಅಪ್ಪ


ಜುಲೈ 22, ವಾರ್ಡಿನ ಒಳಗಿನಿಂದ

ಅಪ್ಪ,

ನೀವು ಹೊರಗೆ ಕಾರಿಡಾರಿನಲ್ಲಿದ್ದೀರಿ ಎಂದು ಗೊತ್ತು. ಸಂಜೆಯವರೆಗೆ ಯಾರನ್ನೂ ಒಳಗೆ ಬಿಡುವುದಿಲ್ಲವಂತೆ, ಅದಕ್ಕೇ ಈ ಚೀಟಿ. ಬೆಳಿಗ್ಗೆ ಡಾಕ್ಟರಮ್ಮ ಬಂದು ಎಕ್ಸ್-ರೇಯನ್ನು ನನ್ನ ಕಣ್ಣ ಮುಂದೆಯೇ ಹಿಡಿದು ತೋರಿಸಿದರು. ದವಡೆ ಎರಡೂ ಕಡೆ ಗುಳಿಯಲ್ಲಿ ಸರಿಯಾಗಿ ಕೂತಿದೆ. ಮುಂದಿನ ಹಲ್ಲುಗಳು ಒಂದಕ್ಕೊಂದು ತಾಗುತ್ತಿವೆ. ನಾಲಿಗೆಯಿಂದ ಮುಟ್ಟಿ ಮುಟ್ಟಿ ನೋಡುತ್ತಿದ್ದೇನೆ, ಸಾಕಾಗುತ್ತಿಲ್ಲ. ನಾನು ಕೇಳುವ ಮೊದಲೇ "ನಕಲು ಹೊರಡೋ ದಿನ ಕೈಗೆ ಕೊಡ್ತೀವಿ" ಎಂದರು.

ಗಲ್ಲ ಎಲ್ಲಿ ನಿಂತಿದೆ ಎಂದು ನನಗೂ ಗೊತ್ತಿಲ್ಲ. ಮುಖ ಕುಂಬಳಕಾಯಿಯ ಹಾಗೆ ಊದಿದೆ, ತಲೆಯ ಮೇಲಿಂದ ಗಲ್ಲದ ಕೆಳಗಿನವರೆಗೆ ಪಟ್ಟಿ ಸುತ್ತಿದ್ದಾರೆ. ಕಣ್ಣು ಮತ್ತು ಒಂದಿಷ್ಟು ಹಣೆ ಬಿಟ್ಟರೆ ಹೊರಗೆ ಏನೂ ಕಾಣುವುದಿಲ್ಲ. ನೋಡಿ ಹೆದರಬೇಡಿ.

ಈಗ ಪಾಳಿ ಬದಲಾಯಿತು. ಹೊಸ ನರ್ಸ್, ನನ್ನನ್ನು ಹಿಂದೆ ನೋಡಿದವಳಲ್ಲ. ಬಾಗಿಲಿನಿಂದ ನೇರ ನನ್ನ ಹಾಸಿಗೆಗೆ ಬಂದು "ಹೊರಗೆ ಬೆಂಚಿನ ಮೇಲೆ ಕೂತಿರೋರು ನಿಮ್ಮ ತಂದೆ ಅಲ್ವಾ?" ಎಂದಳು. ವಾರ್ಡಿನಲ್ಲಿ ನಾವು ಆರು ಜನ ಇದ್ದೇವೆ. ಹೇಗೆ ಗೊತ್ತಾಯಿತು ಎಂದು ಸ್ಲೇಟಿನ ಮೇಲೆ ಬರೆದು ಕೇಳಿದೆ.

"ಅದೇನು ಕೇಳ್ತೀರಾ? ನೋಡಿದ್ರೇ ಗೊತ್ತಾಗುತ್ತಲ್ಲ" ಎಂದಳು.

ನಿಮ್ಮ ಮಗಳು